ಕಟ್ಟೆಯ ಮೇಲೆ ಕೂತವರು

ಆಟಕ್ಕೆ ಹೊಸಬರು ಯಾರೇ ಬರಲಿ, ನಾನು ಮೊದಲು ಹೇಳುವ ಮಾತು ಒಂದೇ: ಇವತ್ತು ಬಂದೂಕು ಮುಟ್ಟಬೇಡಿ, ಬರೀ ಕೇಳಿಸಿಕೊಳ್ಳಿ. ಎಲ್ಲರೂ ನಗುತ್ತಾರೆ. ಗುಂಡು ಹಾರಿಸುವ ಆಟಕ್ಕೆ ಕರೆದು ಗುಂಡು ಹಾರಿಸಬೇಡ ಅನ್ನುವವಳಿಗೆ ತಲೆ ನೆಟ್ಟಗಿಲ್ಲ ಎಂದುಕೊಳ್ಳುತ್ತಾರೆ. ಸುತ್ತು ಶುರುವಾದದ್ದೇ ತಡ, ಮದುವೆ ಮೆರವಣಿಗೆಯಲ್ಲಿ ಪಟಾಕಿ ಸರಕ್ಕೆ ಬೆಂಕಿ ಇಟ್ಟವರಂತೆ ಧಡಧಡ ಸದ್ದು ಮಾಡಿಕೊಂಡು ಮುಂದೆ ಓಡಿ, ಎದುರಿನವರ ಕೈಗೆ ಸಿಕ್ಕು, ಆಮೇಲೆ ಮೊಬೈಲು ಸರಿಯಿಲ್ಲ, ನೆಟ್‌ವರ್ಕ್ ಸರಿಯಿಲ್ಲ ಎಂದು ಗೊಣಗುತ್ತಾರೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನೆಟ್‌ವರ್ಕ್ ಸರಿ ಇದೆ, ನಿಮಗೆ ಕಿವಿ ಇಲ್ಲ ಎಂದು ಹೇಳಿ ಎಷ್ಟೋ ಜನರನ್ನು ಓಡಿಸಿದ್ದೇನೆ.

ಗೊತ್ತಿಲ್ಲದವರಿಗಾಗಿ ಹೇಳುವುದಾದರೆ ಆಟ ಇಷ್ಟೇ. ನಾವು ನಾಲ್ವರು ಒಂದು ಕಡೆ, ಎಲ್ಲಿಯವರೋ ಏನೋ ಇನ್ನು ನಾಲ್ವರು ಎದುರು ಕಡೆ. ಎಲ್ಲರೂ ಅವರವರ ಮನೆಯಲ್ಲಿ, ಅವರವರ ಮೊಬೈಲ್ ಹಿಡಿದು ಕೂತಿರುತ್ತಾರೆ. ನಾವು ಆಡುವ ಮಾತು ನಮ್ಮ ನಾಲ್ವರ ಕಿವಿಗೆ ಮಾತ್ರ. ಪರದೆಯ ಮೇಲೆ ಮರಳುಗಾಡಿನ ಒಂದು ಹಾಳೂರು. ಎದುರಿನವರು ಅದರೊಳಗೆ ಬಂದು ಬಾಂಬ್ ಇಡಬೇಕು, ನಾವು ಇಡಗೊಡಬಾರದು. ಗುಂಡು ಬಿದ್ದವರು ಆ ಸುತ್ತು ಮುಗಿಯುವವರೆಗೆ ಮತ್ತೆ ಏಳುವಂತಿಲ್ಲ. ಆದರೆ ಉಳಿದ ಗೆಳೆಯರ ಕಣ್ಣಿನಿಂದ ಅವರು ಆಟ ನೋಡಬಹುದು, ಅವರೊಂದಿಗೆ ಮಾತನ್ನೂ ಆಡಬಹುದು. ಸತ್ತವರು ಇದ್ದವರ ಜತೆ ಹೇಗೆ ಇರಬೇಕು ಎಂಬುದರಲ್ಲೇ ಈ ಆಟದ ಆಳವೆಲ್ಲ ಇದೆ ಎಂದು ನನಗೆ ಕಲಿಸಿದವನು ನನ್ನ ಅಣ್ಣ. ಸ್ವಂತ ಅಣ್ಣನಲ್ಲ, ಮಾವಶಿಯ, ಅಂದರೆ ನನ್ನ ಅವ್ವನ ತಂಗಿಯ ಮಗ. ಅವನು ಈಗ ಇಲ್ಲ.

ಅವನು ಮಿರಜದಲ್ಲಿ ಪಂಪುಗಳ ಮೋಟಾರಿಗೆ ತಂತಿ ಸುತ್ತುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ನಾನು ಸಾಂಗ್ಲಿಯಲ್ಲಿ ಅರಿಶಿನ ವ್ಯಾಪಾರಿಯೊಬ್ಬರ ಕಚೇರಿಯಲ್ಲಿದ್ದೇನೆ. ಮೂರನೆಯವನು ಬೇಡಗ ಹಳ್ಳಿಯ ನಮ್ಮ ಗೆಳೆಯ, ಹೊಲ ಮಾಡಿಕೊಂಡಿರುವವನು; ಬೆಳೆಗೆ ನೀರು ಬಿಟ್ಟು ಬದುವಿನ ಮೇಲೆ ಕೂತೇ ಆಡುತ್ತಿದ್ದ. ನಾಲ್ಕನೆಯವಳು ನನ್ನ ಕಚೇರಿಯ ಗೆಳತಿ. ಅವಳ ಮನೆಯಲ್ಲಿ ಅಜ್ಜಿಯ ಕಾಲಕ್ಕೆ ಕನ್ನಡ ಇತ್ತಂತೆ. ಈಗ ಅವಳಿಗೆ ನಾವು ಅಂದದ್ದೆಲ್ಲ ತಿಳಿಯುತ್ತದೆ, ಬಾಯಿ ತೆರೆದರೆ ಬರುವುದು ಮರಾಠಿ. ದಿನಾ ಸಂಜೆ ಕೆಲಸ ಮುಗಿಸಿ, ಚಹಾ ಕುಡಿದು, ನಾಲ್ವರೂ ಆ ಹಾಳೂರಿಗೆ ಹೋಗುತ್ತಿದ್ದೆವು. ಅಲ್ಲಿಯ ಜಾಗಗಳಿಗೆ ಆಟದವರು ಇಟ್ಟ ಹೆಸರುಗಳು ನಮ್ಮ ನಾಲಿಗೆಗೆ ಹೊರಳದೆ, ನಾವೇ ಹೆಸರಿಟ್ಟುಕೊಂಡಿದ್ದೆವು. ಒಂದು ಬಾವಿ, ಒಂದು ಗೋದಾಮು, ಒಂದು ಪೂಲು ಅಂದರೆ ಸೇತುವೆ, ಒಂದು ಹಿತ್ತಲ ಬಾಗಿಲು. ಅಣ್ಣ ಯಾವಾಗಲೂ ಹಿತ್ತಲ ಬಾಗಿಲಲ್ಲಿ ನಿಲ್ಲುತ್ತಿದ್ದ.

ಕಟ್ಟೆಯ ವಿಷಯ ಮಾವಶಿಯಿಂದ ಬಂದದ್ದು. ಮಾವಶಿ ಮನೆಯಲ್ಲಿ ಜೋಳದ ಭಕ್ರಿ ಬಡಿದು ಖಾನಾವಳಿಗೆ ಕೊಡುತ್ತಾಳೆ. ಸಂಜೆ ಅವಳು ಒಲೆ ಆರಿಸಿ, ಕೈಕಾಲು ತೊಳೆದು, ದೇವರ ಜಗಲಿಯ ಮೇಲೆ ದೀಪ ಹಚ್ಚುವ ಹೊತ್ತಿಗೇ ನಮ್ಮ ಆಟ ರಂಗೇರುತ್ತಿತ್ತು. ಅಣ್ಣ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ತನ್ನ ದನಿ ಎಷ್ಟು ದೊಡ್ಡದೆಂದು ತನಗೇ ತಿಳಿಯದೆ, ಸತ್ತೆ, ನಾ ಸತ್ತೆ ಎಂದು ಕೂಗುತ್ತಿದ್ದ. ದೀಪ ಹಚ್ಚುವ ಹೊತ್ತಿಗೆ ಮನೆಯೊಳಗೆ ಆ ಮಾತು ಯಾರು ಆಡುತ್ತಾರೆ? ಒಂದು ಸಂಜೆ ಮಾವಶಿ ದೀಪದ ಬತ್ತಿ ಅರ್ಧಕ್ಕೇ ಬಿಟ್ಟು ಬಂದು, ಅವನ ಕಿವಿಯಿಂದ ಹೆಡ್‌ಫೋನ್ ಎಳೆದು, ಇನ್ನೊಮ್ಮೆ ಆ ಶಬ್ದ ಕೇಳಿದರೆ ಮೊಬೈಲು ಒಲೆಗೆ ಹಾಕುತ್ತೇನೆ ಎಂದಳು. ನಮಗೆ ಮೂವರಿಗೂ ಅದು ಅವನ ಮೈಕಿನಿಂದ ಚೆನ್ನಾಗಿ ಕೇಳಿಸಿತು. ಬೇಡಗದವನು ಬಿದ್ದು ಬಿದ್ದು ನಕ್ಕ.

ಮರುದಿನದಿಂದ ಅಣ್ಣ ಗುಂಡು ಬಿದ್ದಾಗ ಬೇರೆಯೇ ಮಾತು ಹೇಳತೊಡಗಿದ. ಅವರ ಮನೆಯ ಬಾಗಿಲ ಪಕ್ಕ ಶಹಾಬಾದ್ ಕಲ್ಲಿನ ಒಂದು ಕಟ್ಟೆ ಇದೆ. ಓಣಿಯ ಗಂಡಸರು ಸಂಜೆ ಅಲ್ಲಿ ಕೂತು ಹೋಗಿಬರುವವರನ್ನು ನೋಡುತ್ತಾರೆ. ಅವನು ತಣ್ಣಗೆ, “ನಾ ಕಟ್ಟೀ ಮ್ಯಾಲ ಕುಂತೆ” ಅನ್ನುತ್ತಿದ್ದ. ಮೊದಮೊದಲು ನಾವು ಅದನ್ನು ತಮಾಷೆಗೆ ಅಂದೆವು, ಆಮೇಲೆ ಅದೇ ರೂಢಿಯಾಯಿತು. ಸಾಂಗ್ಲಿಯ ಗೆಳತಿ ಕೂಡ, ಬೇರೆ ಮಾತೆಲ್ಲ ಮರಾಠಿಯಲ್ಲಿ ಆಡಿದರೂ, ಇದೊಂದನ್ನು ಮಾತ್ರ ಕನ್ನಡದಲ್ಲೇ ಅನ್ನುತ್ತಿದ್ದಳು.

ಕಟ್ಟೆಗೆ ಒಂದು ಶಿಸ್ತೂ ಇತ್ತು, ಅದನ್ನು ತಂದವನೂ ಅವನೇ. ಒಂದು ಸಲ ಮೂವರೂ ಬಿದ್ದು ನಾನೊಬ್ಬಳೇ ಉಳಿದಿದ್ದೆ. ಕಟ್ಟೆಯ ಮೇಲಿದ್ದ ಮೂವರೂ ಒಟ್ಟಿಗೆ ಎಡಕ್ಕೆ ಹೋಗು, ಬಲಕ್ಕೆ ನೋಡು, ಹಿಂದೆ ಬಂದ ಎಂದು ಕೂಗಾಡಿದರು. ಆ ಗದ್ದಲದಲ್ಲಿ ಎದುರಿನವನ ಹೆಜ್ಜೆ ಸದ್ದು ಕೇಳದೆ ನಾನೂ ಬಿದ್ದೆ. ನಾನು ಮೂವರಿಗೂ ಬಾಯಿಗೆ ಬಂದಂತೆ ಬೈದೆ. ಅಣ್ಣ ಹೇಳಿದ, “ಕಟ್ಟೀ ಮ್ಯಾಲ ಕುಂತಾಂವ ತಾ ಕಂಡದ್ದು ಒಂದ ಮಾತ ಹೇಳಬೇಕು. ಆಮ್ಯಾಲ ಸುಮ್ನ ಕುಂದ್ರಬೇಕು. ಒಳಗಿದ್ದವ್ರಿಗೆ ಕೇಳಸಬೇಕಲ್ಲ.”

ಅಷ್ಟೇ ಶಿಸ್ತು. ಬಾವಿ ಕಡೆ ಇಬ್ಬರು, ಒಬ್ಬನಿಗೆ ಪೆಟ್ಟಾಗಿದೆ. ಇಷ್ಟು ಹೇಳಿ ಸುಮ್ಮನಾಗುವುದು. ಬಿದ್ದವರಿಗೆ ಹೇಳುವುದು ಬಹಳ ಇರುತ್ತದೆ, ತುಟಿ ಕಚ್ಚಿ ಕೂರಬೇಕು. ಹೊಸಬರಿಗೆ ಬಂದೂಕಿನ ಗುರಿ ಕಲಿಸಬಹುದು, ಹೊಗೆ ಬಿಟ್ಟು ಅದರ ಮರೆಯಲ್ಲಿ ದಾರಿ ದಾಟುವುದನ್ನು ಕಲಿಸಬಹುದು, ಗೋದಾಮಿನಲ್ಲಿ ಸುಳ್ಳು ಸದ್ದು ಮಾಡಿ ಪೂಲಿನಿಂದ ನುಗ್ಗುವುದನ್ನು ಕಲಿಸಬಹುದು. ಬಿದ್ದ ಮೇಲೆ ಸುಮ್ಮನಿರುವುದನ್ನು ಕಲಿಸಲು ನನಗೆ ಈವರೆಗೂ ಸರಿಯಾಗಿ ಬಂದಿಲ್ಲ.

ಇನ್ನು ಅವನ ಹಿತ್ತಲ ಬಾಗಿಲು. ಆ ಊರಿನ ಹಿಂಭಾಗದಲ್ಲಿ ಒಂದು ಇಕ್ಕಟ್ಟಾದ ಓಣಿ, ಅದರ ಕೊನೆಗೆ ಮುರಿದ ಬಾಗಿಲು. ಅಲ್ಲಿ ಹೆಚ್ಚಿನ ಸಂಜೆ ಏನೂ ನಡೆಯುತ್ತಿರಲಿಲ್ಲ. ಮುಂದೆ ನಾವು ಮೂವರು ಗುದ್ದಾಡುತ್ತಿದ್ದರೆ ಅವನು ಅಲ್ಲಿ ಗೋಡೆಗೆ ಒರಗಿ ನಿಂತಿರುತ್ತಿದ್ದ. ಆಟ ಮುಗಿದಾಗ ಯಾರು ಎಷ್ಟು ಜನರನ್ನು ಉರುಳಿಸಿದರು ಎಂದು ತೋರಿಸುತ್ತಾರೆ. ಅದರಲ್ಲಿ ಅಣ್ಣ ಯಾವಾಗಲೂ ಕೆಳಗೆ. ಬೇಡಗದವನು ಅವನನ್ನು ವಾಚ್‌ಮನ್ ಎಂದೇ ಕರೆಯುತ್ತಿದ್ದ, ಒಂದು ಸ್ಟೂಲು, ಒಂದು ಕಂಬಳಿ ಕಳಿಸಲೇನು ಎಂದು ಕೇಳುತ್ತಿದ್ದ. ಅಣ್ಣ ನಗುತ್ತಿದ್ದ. ಅವನ ಮೈಕು ಸದಾ ತೆರೆದಿರುತ್ತಿತ್ತು. ಅವನ ನಗುವಿನ ಹಿಂದೆ ಮಾವಶಿ ಪಾತ್ರೆ ಜೋಡಿಸುವ ಸದ್ದು, ಅದರ ಹಿಂದೆ ಮಿರಜ ಸ್ಟೇಷನ್ನಿಗೆ ಬರುವ ಗಾಡಿಯ ಸದ್ದು ಇರುತ್ತಿದ್ದವು. ಅವರ ಮನೆ ರೈಲು ಹಳಿಯ ಹತ್ತಿರ.

ಮಳೆಗಾಲದಲ್ಲಿ ಅವನಿಗೆ ಜ್ವರ ಬಂತು. ಮಿರಜವೆಂದರೆ ಆಸ್ಪತ್ರೆಗಳ ಊರು, ಎಲ್ಲಿಂದಲೋ ಜನ ಅಲ್ಲಿಗೆ ವಾಸಿಯಾಗಲು ಬರುತ್ತಾರೆ. ನಮ್ಮವನಿಗೆ ಮಾತ್ರ ವಾಸಿಯಾಗಲಿಲ್ಲ. ಎಲ್ಲರೂ ಮಾಡಬೇಕಾದದ್ದನ್ನು ಮಾಡಿದರು. ಕೊನೆಯ ದಿನಗಳಲ್ಲಿ ಅವನಿಗೆ ಮಾತು ಇರಲಿಲ್ಲ. ಮಾವಶಿ ಹಾಸಿಗೆಯ ಪಕ್ಕದಲ್ಲೇ ಇದ್ದಳು. ಏನಾದರೂ ಅಂದಾನೆಂದು ಅವನ ಬಾಯಿಗೆ ಕಿವಿ ಹಚ್ಚಿ ಹಚ್ಚಿ ಕೂತಳು. ಅವನು ಏನೂ ಅನ್ನದೆ ಹೋದ.

ಹತ್ತನೆಯ ದಿನ ಕೃಷ್ಣಾ ಘಾಟಿನಲ್ಲಿ ಪಿಂಡ ಇಟ್ಟೆವು. ನಮ್ಮಲ್ಲಿ ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಹೋದವರ ಮನಸ್ಸು ಎಲ್ಲೋ ಸಿಕ್ಕಿಕೊಂಡಿದೆ ಎಂದು ಅರ್ಥ. ಅದನ್ನು ಬಿಡಿಸಲು ಇದ್ದವರು ಒಬ್ಬೊಬ್ಬರಾಗಿ ಮುಂದೆ ಬಂದು ಮಾತು ಕೊಡಬೇಕು. ಅಂದು ಕಾಗೆಗಳು ಮರದಲ್ಲಿ ಸಾಲಾಗಿ ಕೂತಿದ್ದವು, ಒಂದೂ ಕೆಳಗೆ ಇಳಿಯಲಿಲ್ಲ. ಅವನ ಕಾಕಾ, ಅಪ್ಪನ ತಮ್ಮ, ಕೈಮುಗಿದು ಮಾವಶಿಯನ್ನು ತಾನು ನೋಡಿಕೊಳ್ಳುತ್ತೇನೆ ಎಂದರು. ಅಂಗಡಿಯ ಯಜಮಾನರು ಅವನ ಅರ್ಧಕ್ಕೆ ನಿಂತ ಕೆಲಸಗಳನ್ನು ತಾನೇ ಮುಗಿಸಿ ಕೊಡುತ್ತೇನೆ ಎಂದರು. ಅವನ ಇಷ್ಟದ ಬೇಸನ್ ಉಂಡೆ ತರಿಸಿ ಇಟ್ಟರು. ಬಿಸಿಲೇರಿತು. ಭಟ್ಟರು ಗಡಿಯಾರ ನೋಡಿಕೊಂಡರು. ದರ್ಭೆಯ ಕಾಗೆ ಮಾಡಿ ಮುಟ್ಟಿಸಿಬಿಡೋಣ ಎಂಬ ಮಾತು ಶುರುವಾಯಿತು.

ಆಗ ಮಾವಶಿ ಎದ್ದಳು. ಸೆರಗು ಸರಿಮಾಡಿಕೊಂಡು ಪಿಂಡದ ಕಡೆ ನೋಡಿ, ಊಟಕ್ಕೆ ಕರೆಯುವ ದನಿಯಲ್ಲೇ ಹೇಳಿದಳು: “ನಿನ್ನ ಆಟಕ್ಕ ಇನ್ನ ನಾ ಬೈಯೂದಿಲ್ಲಪಾ. ನಾನೂ ಕಲೀತೇನಿ. ನೀ ಏನ ನೋಡತಿದ್ದೀ ಅದರಾಗ, ನಾನೂ ನೋಡತೇನಿ.”

ಅವಳು ಹಿಂದೆ ಸರಿಯುವುದಕ್ಕೂ ಒಂದು ಕಾಗೆ ಇಳಿಯುವುದಕ್ಕೂ ಸರಿಹೋಯಿತು. ಕಾಗೆಗೆ ಹಸಿವಾಗಿತ್ತು, ಇಷ್ಟು ಹೊತ್ತು ಜನರ ಗದ್ದಲಕ್ಕೆ ಹೆದರಿತ್ತು ಎಂದು ಹೇಳಬಲ್ಲೆ. ಕಚೇರಿಯಲ್ಲಿ ಯಾರಾದರೂ ಕೇಳಿದರೆ ಹಾಗೆಯೇ ಹೇಳುತ್ತೇನೆ. ಘಾಟಿನಲ್ಲಿ ನಿಂತಾಗ ಮಾತ್ರ ನನ್ನ ಮೈಯೆಲ್ಲ ನವಿರೆದ್ದಿತು.

ಆಮೇಲೆ ಬಹಳ ದಿನ ಮಾವಶಿ ಆ ಮಾತು ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ. ನಾವು ಮೂವರು ಸುಮ್ಮನಿರಲಾರದೆ ಮತ್ತೆ ಆಡತೊಡಗಿದೆವು. ಅಣ್ಣ ಹಿತ್ತಲ ಬಾಗಿಲಲ್ಲಿ ಏನು ಮಾಡುತ್ತಿದ್ದ ಎಂಬುದು ನಮಗೆ ತಿಳಿದದ್ದು ಆಗ. ಎದುರಿನವರು ಹಿತ್ತಲ ಬಾಗಿಲಿನಿಂದ ಬಂದರು. ಮರುದಿನ ಬೇರೆಯವರ ಎದುರು ಆಡಿದೆವು, ಅವರೂ ಅಲ್ಲಿಂದಲೇ ಬಂದರು. ಹಿಂದೆ ಎಂದೂ ಬಾರದವರು ಈಗ ಸಂತೆಗೆ ಬಂದಂತೆ ಬರುತ್ತಿದ್ದರು. ಅವನು ಅಲ್ಲಿ ನಿಂತಿದ್ದಕ್ಕೇ ಅಲ್ಲಿ ಏನೂ ನಡೆಯುತ್ತಿರಲಿಲ್ಲ. ಒಬ್ಬನಿದ್ದಾನೆ ಎಂದು ಗೊತ್ತಾದರೆ ಸಾಕು, ಎದುರಿನವರು ಆ ದಾರಿಯನ್ನೇ ಬಿಟ್ಟು ಸುತ್ತಿ ಬರುತ್ತಿದ್ದರು, ಆಗ ನಮ್ಮ ಮೂವರ ಕೈಗೆ ಸಿಗುತ್ತಿದ್ದರು. ನಾವು ನಮ್ಮ ಗುರಿಯೇ ದೊಡ್ಡದು ಎಂದು ಮೆರೆಯುತ್ತಿದ್ದೆವು. ಬೇಡಗದವನು ಆಮೇಲೆ ವಾಚ್‌ಮನ್ ಎಂಬ ಮಾತು ಆಡಲಿಲ್ಲ.

ನಾಲ್ಕನೆಯ ಜಾಗಕ್ಕೆ ಹೊಸಬರನ್ನು ಕರೆದೆವು. ಗೆಳತಿಯ ಭಾವನೊಬ್ಬ ಬಂದ, ಕವಲಾಪುರದಿಂದ ಬೇಡಗದವನ ನೆಂಟನೊಬ್ಬ ಬಂದ. ಹಿತ್ತಲ ಬಾಗಿಲಲ್ಲಿ ನಿಲ್ಲು ಎಂದರೆ ಅವರಿಗೆ ಅವಮಾನ. ಎರಡು ಸುತ್ತು ನಿಂತು, ಮೂರನೆಯದರಲ್ಲಿ ಮುಂದೆ ಓಡಿಬಿಡುತ್ತಿದ್ದರು. ಬಿದ್ದ ಮೇಲೆ ಬಾಯಿ ಮುಚ್ಚುತ್ತಿರಲಿಲ್ಲ. ನಾನು ಅವರಿಗೆ ಕಲಿಸುವಾಗ ಅಣ್ಣನ ಮಾತುಗಳೇ ನನ್ನ ಬಾಯಿಂದ ಬರುತ್ತಿದ್ದವು, ಅವನ ಎಳೆತದಲ್ಲೇ. ಒಮ್ಮೊಮ್ಮೆ ನಡುವೆಯೇ ನಿಲ್ಲಿಸಿಬಿಡುತ್ತಿದ್ದೆ. ಯಾರು ಮಾತಾಡುತ್ತಿದ್ದಾರೆ ಎಂದು ನನಗೇ ಗೊಂದಲವಾಗುತ್ತಿತ್ತು.

ಇನ್ನೊಂದು ಹೇಳಬೇಕು. ಒಂದು ಸಂಜೆ ನಾವು ಮೂವರೇ ಆಡುತ್ತಿದ್ದೆವು. ನಾನು ಮತ್ತು ಬೇಡಗದವನು ಕಟ್ಟೆಯ ಮೇಲೆ, ಗೆಳತಿ ಒಳಗೆ ಒಬ್ಬಳೇ. ಶಿಸ್ತಿನಂತೆ ಇಬ್ಬರೂ ಸುಮ್ಮನಿದ್ದೆವು. ಆ ಮೌನದಲ್ಲಿ ನನ್ನ ಕಿವಿಯೊಳಗೆ ದೂರದಲ್ಲಿ ಗಾಡಿಯೊಂದು ಹೋಯಿತು. ನನ್ನ ಮನೆಗೆ ಹಳಿಯ ಸದ್ದು ಕೇಳುವುದಿಲ್ಲ. ಬೇಡಗದವನು ಹೊಲದಲ್ಲಿದ್ದ, ಗೆಳತಿ ಸಾಂಗ್ಲಿಯ ಪೇಟೆಯ ನಡುವೆ. ಬೇರೆ ಯಾವುದೋ ಸದ್ದನ್ನು ನನ್ನ ತಲೆ ಗಾಡಿ ಮಾಡಿಕೊಂಡಿರಬೇಕು. ನಿಮಗೂ ಕೇಳಿಸಿತೇ ಎಂದು ಅವರಿಬ್ಬರನ್ನು ನಾನು ಕೇಳಲಿಲ್ಲ. ಕೇಳಿಸಲಿಲ್ಲ ಎಂದರೂ ಕಷ್ಟ, ಕೇಳಿಸಿತು ಎಂದರೂ ಕಷ್ಟ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ, ನಾನು ಚಹಾದ ಕಪ್ಪು ಹಿಡಿದು ಮೊಬೈಲ್ ತೆರೆದಾಗ, ಗೆಳೆಯರ ಸಾಲಿನಲ್ಲಿ ಅವನ ಹೆಸರಿನ ಪಕ್ಕ ಹಸಿರು ಚುಕ್ಕೆ ಹೊತ್ತಿತ್ತು. ಯಾರಾದರೂ ಆಟಕ್ಕೆ ಬಂದು ಕೂತರೆ ಹಾಗೆ ಹೊತ್ತುತ್ತದೆ. ಬೇಡಗದವನ ಫೋನು ಬಂತು, ನೋಡಿದಿಯಾ ಎಂದಷ್ಟೇ ಕೇಳಿದ. ನೋಡಿದೆ ಎಂದೆ. ಫೋನು ಇಟ್ಟು ಆಟದೊಳಗೆ ಹೋದದ್ದೇ ಹೆಡ್‌ಫೋನಿನಲ್ಲಿ ಪಾತ್ರೆಯ ಸದ್ದು ಕೇಳಿಸಿತು, ಆಮೇಲೆ ಮಾವಶಿಯ ಕೆಮ್ಮು. ದೇವರ ಜಗಲಿಯ ಮೇಲೆ ಇಟ್ಟಿದ್ದ ಅವನ ಮೊಬೈಲನ್ನು ಅವಳು ಚಾರ್ಜ್ ಮಾಡಿ ತೆರೆದಿದ್ದಳು. ಅದರ ಬೀಗದ ಗೆರೆಗಳನ್ನು ಅವನ ಬೆನ್ನ ಹಿಂದೆ ನಿಂತು ದಿನಾ ನೋಡಿ ನೋಡಿ ಅವಳಿಗೆ ಬಾಯಿಪಾಠವಾಗಿತ್ತು. ಮಾತು ಕೊಟ್ಟು ತಿಂಗಳುಗಟ್ಟಲೆ ಆಯಿತು, ಇನ್ನು ತಡ ಮಾಡಿದರೆ ಅವನಿಗೆ ಕಷ್ಟ ಎಂದಳು.

ನಾನು ಮರುದಿನದಿಂದಲೇ ಸಂಜೆ ಬಸ್ಸು ಹತ್ತಿ ಮಿರಜಕ್ಕೆ ಹೋಗಿ ಅವಳ ಪಕ್ಕ ಕೂತು ಕಲಿಸತೊಡಗಿದೆ. ಅವಳಂಥ ಹೊಸಬರು ನನಗೆ ಹಿಂದೆ ಸಿಕ್ಕಿರಲಿಲ್ಲ, ಮುಂದೆ ಸಿಗುವುದೂ ಬೇಡ. ಕಾದ ಹಂಚಿಗೆ ಭಕ್ರಿ ಹಾಕಿ ತೆಗೆದು ಅವಳ ಬೆರಳ ತುದಿಗಳು ಗಡಸಾಗಿದ್ದವು, ಪರದೆಗೆ ಅವು ಮುಟ್ಟಿದ್ದೇ ತಿಳಿಯುತ್ತಿರಲಿಲ್ಲ. ಅವಳು ಭಕ್ರಿ ಬಡಿದಂತೆ ಪರದೆಯನ್ನು ಬಡಿಯುತ್ತಿದ್ದಳು. ನಡೆ ಎಂದರೆ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಎದುರಿನವರು ಕಂಡರೆ ಪಾಪ, ಯಾರ ಮನೆಯ ಹುಡುಗನೋ, ಹೊತ್ತಿಗೆ ಉಂಡಿದ್ದಾನೋ ಇಲ್ಲವೋ ಎನ್ನುತ್ತಿದ್ದಳು. ನನಗೆ ನಗು, ಸಿಟ್ಟು ಎರಡೂ ಬರುತ್ತಿದ್ದವು. ಬೇರೆಯವರಾಗಿದ್ದರೆ ಒಂದೇ ದಿನದಲ್ಲಿ ಓಡಿಸುತ್ತಿದ್ದೆ. ಅವಳನ್ನು ಓಡಿಸುವ ಹಾಗಿರಲಿಲ್ಲ, ಘಾಟಿನಲ್ಲಿ ಕಾಗೆ ಇಳಿದದ್ದನ್ನು ನಾನೂ ನೋಡಿದ್ದೆ.

ಅವಳು ಮೊದಲ ದಿನವೇ ಕೇಳಿದ್ದು ಒಂದೇ, ಅವನು ಎಲ್ಲಿ ನಿಲ್ಲುತ್ತಿದ್ದ ಎಂದು. ಹಿತ್ತಲ ಬಾಗಿಲಿಗೆ ಕರೆದುಕೊಂಡು ಹೋದೆ. ಆ ಮುರಿದ ಬಾಗಿಲು, ಖಾಲಿ ಓಣಿ, ಬಿಸಿಲು ಬಿದ್ದ ಗೋಡೆ. ಅವಳು ಬಹಳ ಹೊತ್ತು ನೋಡಿದಳು. ಮಗ ಇಷ್ಟು ವರ್ಷ ಕಣ್ಣು ಕೀಲಿಸಿ ನೋಡಿದ್ದು ಈ ಗೋಡೆಯನ್ನೇ ಎಂದು ಅವಳ ಮುಖ ಸಣ್ಣದಾಯಿತು. ಇಲ್ಲಿ ಏನೂ ಆಗುವುದಿಲ್ಲವಲ್ಲ ಎಂದಳು. ಅವನು ನಿಂತಿದ್ದಕ್ಕೆ ಆಗುತ್ತಿರಲಿಲ್ಲ, ಅವನು ಹೋದ ಮೇಲೆ ಎಲ್ಲರೂ ಇಲ್ಲಿಂದಲೇ ಬರುತ್ತಾರೆ ಎಂದು ವಿವರಿಸಿದೆ. ಅವಳು ಪರದೆಯಿಂದ ಕಣ್ಣು ತೆಗೆಯದೆ ತಲೆಯಾಡಿಸಿದಳು. ಅಂದಿನಿಂದ ಅವಳ ಜಾಗ ಅದೇ ಆಯಿತು. ಅವಳನ್ನು ಮುಂದೆ ಓಡು ಎಂದರೂ ಓಡುತ್ತಿರಲಿಲ್ಲ.

ಚಳಿ ಕಳೆಯುವ ಹೊತ್ತಿಗೆ ಅವಳು ಗೋಡೆ ಬಿಟ್ಟು ನಡೆಯಲು ಕಲಿತಿದ್ದಳು. ಬಂದೂಕಿನ ತುದಿಯನ್ನು ನೆಲಕ್ಕೆ ಬಿಡದೆ, ಎದುರಿನವನ ತಲೆ ಎಲ್ಲಿ ಕಾಣಿಸಿಕೊಳ್ಳಬಹುದೋ ಅಲ್ಲಿಗೇ ಹಿಡಿದು ಕಾಯಲು ಕಲಿತಿದ್ದಳು. ಗುಂಡು ಹೊಡೆದದ್ದು ಕಡಿಮೆ, ಆದರೂ ಒಂದಿಬ್ಬರನ್ನು ಉರುಳಿಸಿದ್ದಳು, ಉರುಳಿಸಿ ಕೆನ್ನೆ ಬಡಿದುಕೊಂಡಿದ್ದಳು. ಅವಳನ್ನು ಕಾಡಿದ್ದು ಹೆಜ್ಜೆ ಸದ್ದು. ಹೆಡ್‌ಫೋನಿನಲ್ಲಿ ಹೆಜ್ಜೆ ಕೇಳಿದ ಕೂಡಲೇ ಅವಳು ಉಸಿರು ಹಿಡಿದು, ಯಾರದು ಎಂದು ನನ್ನ ಮುಖ ನೋಡುತ್ತಿದ್ದಳು. ನಮ್ಮವರ ಹೆಜ್ಜೆಯೂ ಕೇಳುತ್ತದೆ, ಎದುರಿನವರದೂ ಕೇಳುತ್ತದೆ. ನಮ್ಮವರು ಯಾರು ಎಲ್ಲಿದ್ದಾರೆ ಎಂದು ನೆನಪಿಟ್ಟುಕೊಂಡರೆ ಉಳಿದದ್ದು ಎದುರಿನವರದು ಎಂದು ಹೇಳಿಕೊಟ್ಟೆ. ಅವಳು ಅದನ್ನು ಮನಸ್ಸಿನಲ್ಲೇ ತಿರುವಿ ಹಾಕಿದಳು.

“ನಮ್ಮವರೆಲ್ಲಾ ಕಟ್ಟೀ ಮ್ಯಾಲ ಇದ್ದಾಗ ಹೆಜ್ಜಿ ಕೇಳಿಸಿದ್ರ?”

“ಅದು ಎದುರಿನವರದ ರೀ ಮಾವಶಿ.”

“ಖರೇ ಅಂತೀ ಏನ ತಂಗಿ?”

ಖರೇ ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ. ಅವಳು ಏನನ್ನು ಕಾಯುತ್ತಿದ್ದಾಳೆ ಎಂದು ನನಗೆ ಆಗ ತಿಳಿಯಿತು. ಆಟದ ಮಾತು ಕೊಟ್ಟ ಮೇಲೆಯೇ ಕಾಗೆ ಇಳಿಯಿತೆಂದರೆ ಅವನ ಮನಸ್ಸು ಸಿಕ್ಕಿಕೊಂಡದ್ದು ಆಟದಲ್ಲೇ. ಸಿಕ್ಕಿಕೊಂಡವನು ಅಲ್ಲೇ ಎಲ್ಲೋ ಇರಬೇಕು. ಆಸ್ಪತ್ರೆಯಲ್ಲಿ ಏನೂ ಅನ್ನದೆ ಹೋದವನು, ಕನಸಿನಲ್ಲೂ ಬಾರದವನು, ಆ ಓಣಿಯಲ್ಲಿ ಎಂದಾದರೂ ಬಂದೇ ಬರುತ್ತಾನೆ ಎಂದು ಅವಳ ಲೆಕ್ಕ. ಗಾಡಿಯ ಸದ್ದು ಕೇಳಿಸಿಕೊಂಡವಳು ನಾನು, ಹಾಗಲ್ಲ ಎಂದು ಯಾವ ಮುಖದಿಂದ ಹೇಳಲಿ?

ಆಮೇಲೆ ಅವಳಿಗೆ ನನ್ನ ಸಹಾಯ ಬೇಕಾಗಲಿಲ್ಲ. ನಾನು ಸಾಂಗ್ಲಿಯಿಂದ, ಅವಳು ಮಿರಜದಿಂದ, ಅವರಿಬ್ಬರು ಅವರವರ ಜಾಗದಿಂದ. ಮತ್ತೆ ನಾಲ್ವರಾದೆವು. ಅವಳು ದೀಪ ಹಚ್ಚಿ ಬಂದು ಕೂರುತ್ತಿದ್ದಳು. ಅವಳ ಮೈಕಿನಿಂದ ಮಿರಜದ ಗಾಡಿಗಳು ಮತ್ತೆ ನಮ್ಮ ಕಿವಿಗೆ ಬಂದವು, ಈ ಸಲ ನಿಜವಾದವು.

ಅಂದು ನಾವು ಕೆಟ್ಟದಾಗಿ ಆಡುತ್ತಿದ್ದೆವು. ಎದುರಿನವರು ಗಟ್ಟಿಗರು, ಗೋದಾಮಿನಲ್ಲಿ ಸದ್ದು ಮಾಡಿ ನಮ್ಮನ್ನೆಲ್ಲ ಅಲ್ಲಿಗೆ ಎಳೆದರು. ಗೆಳತಿ ಮೊದಲು ಬಿದ್ದಳು. ಕಟ್ಟೀ ಮ್ಯಾಲ ಕುಂತೆ ಎಂದು, ತಾನು ಕಂಡದ್ದನ್ನು ಮರಾಠಿಯಲ್ಲಿ ಹೇಳಿ ಸುಮ್ಮನಾದಳು. ಬೇಡಗದವನು ಬಿದ್ದ. ಒಬ್ಬನನ್ನು ಉರುಳಿಸಿ ನಾನೂ ಬಿದ್ದೆ. ಬಾವಿಯ ಕಡೆ ಒಬ್ಬ ಹೋದ ಎಂದು ಹೇಳಿ ನಾನೂ ಬಾಯಿ ಮುಚ್ಚಿದೆ. ಬಾವಿಯಿಂದ ಹಿತ್ತಲ ಬಾಗಿಲಿಗೆ ನೇರ ದಾರಿ. ಒಳಗೆ ಉಳಿದವಳು ಮಾವಶಿ ಒಬ್ಬಳೇ.

ಕಟ್ಟೆಯ ಮೇಲೆ ಕೂತ ನಾವು ಮೂವರೂ ಅವಳ ಕಣ್ಣಿನಿಂದ ನೋಡುತ್ತಿದ್ದೆವು. ಬಾಗಿಲು, ಓಣಿ, ಬಿಸಿಲಿನ ಗೋಡೆ. ಬಂದೂಕಿನ ತುದಿ ಸರಿಯಾದ ಜಾಗದಲ್ಲಿ, ಸರಿಯಾದ ಎತ್ತರಕ್ಕೆ, ಅಲುಗದೆ ನಿಂತಿತ್ತು. ಇಷ್ಟು ಚೆನ್ನಾಗಿ ಅವಳು ಹಿಂದೆ ಎಂದೂ ನಿಂತಿರಲಿಲ್ಲ. ನಿಂತ ಬಗೆ ಅಣ್ಣನದೇ ಆಗಿತ್ತು, ಮೇಲೆ ಬರೆದಿದ್ದ ಹೆಸರೂ ಅವನದೇ. ಯಾರೂ ಮಾತಾಡಲಿಲ್ಲ.

ಹೆಜ್ಜೆ ಕೇಳಿಸಿತು. ಓಡುವ ಹೆಜ್ಜೆಯಲ್ಲ, ನಿಧಾನವಾಗಿ ಬರುವುದು. ಒಂದು ಕಡೆ ನಿಂತಿತು, ಮತ್ತೆ ಬಂತು. ಮಾವಶಿ ಉಸಿರು ಹಿಡಿದದ್ದು ಮೈಕಿನಲ್ಲಿ ತಿಳಿಯಿತು. ಓಣಿಯ ತಿರುವಿನಲ್ಲಿ ಮೊದಲು ನೆರಳು ಬಂತು, ಆಮೇಲೆ ಭುಜ, ಆಮೇಲೆ ಪೂರ್ತಿ ಆಳು, ಅವಳ ಬಂದೂಕಿನ ಗುರಿಯ ನಟ್ಟನಡುವೆ. ಒತ್ತಿದರೆ ಸಾಕಿತ್ತು. ಒತ್ತು ಎಂದು ಕೂಗಲು ನನ್ನ ನಾಲಿಗೆಯ ತುದಿಗೆ ಬಂದಿತ್ತು. ತುಟಿ ಕಚ್ಚಿಕೊಂಡೆ.

ಅವಳು ಒತ್ತಲಿಲ್ಲ. ಕಾದಳು. ಅವನು ಬೇರೆ ಕಡೆ ನೋಡುತ್ತಿದ್ದವನು, ಇತ್ತ ತಿರುಗಿದ. ಗುಂಡು ಬಾರದ್ದನ್ನು ಕಂಡು ಅವನಿಗೂ ಗಲಿಬಿಲಿ ಆಗಿರಬೇಕು, ಒಂದು ಗಳಿಗೆ ಅವನೂ ಹಾಗೇ ನಿಂತ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಿಂತಿದ್ದರು. ಆಟದೊಳಗಿನ ಆಳುಗಳಿಗೆ ಮುಖ ಎಂದು ಹೇಳುವಂಥದ್ದೇನೂ ಇರುವುದಿಲ್ಲ, ಅರ್ಧ ಬಟ್ಟೆ ಸುತ್ತಿರುತ್ತದೆ. ಆದರೂ ನಾನು ಆ ಮುಖವನ್ನು ಹುಡುಕಿ ನೋಡಿದೆ. ಅಲ್ಲಿಯವರೆಗೆ ನಾನೂ ಅವನನ್ನೇ ಕಾಯುತ್ತಿದ್ದೆ ಎಂದು ನನಗೆ ಗೊತ್ತಾದದ್ದು ಆ ಗಳಿಗೆಯಲ್ಲಿ. ಮರುಕ್ಷಣ ಅವನು ಹೊಡೆದ. ಪರದೆ ಕೆಂಪಾಯಿತು.

ಮೈಕಿನಲ್ಲಿ ಮಾವಶಿ ಹಿಡಿದ ಉಸಿರು ಬಿಟ್ಟಳು. ಈ ಮೊದಲು ಬಿದ್ದಾಗಲೆಲ್ಲ ಅಯ್ಯ ಎಂದು ನಕ್ಕುಬಿಡುತ್ತಿದ್ದಳು, ಕಟ್ಟೆಯ ಮಾತನ್ನು ಒಂದು ಸಲವೂ ಆಡಿರಲಿಲ್ಲ. ಅಂದು ಶಿಸ್ತಿನಂತೆ ಆಡಿದಳು.

“ನಾ ಕಟ್ಟೀ ಮ್ಯಾಲ ಕುಂತೆ. ಬಾವೀ ಕಡಿಂದ ಒಬ್ಬ ಬಂದಾನ. ಅಂವ ಅಲ್ಲ.”

ಇಷ್ಟು ಹೇಳಿ ಸುಮ್ಮನಾದಳು. ಒಳಗೆ ನಮ್ಮವರು ಯಾರೂ ಉಳಿದಿರಲಿಲ್ಲ, ಇನ್ನು ಯಾರಿಗೂ ಏನನ್ನೂ ಕೇಳಿಸಿಕೊಳ್ಳಬೇಕಾಗಿರಲಿಲ್ಲ, ಮಾತಾಡಬಹುದಿತ್ತು. ಯಾರೂ ಮಾತಾಡಲಿಲ್ಲ. ಅವಳ ಮೈಕಿನಿಂದ ಮಿರಜದ ಗಾಡಿಯೊಂದು ಹೊರಡುವ ಸದ್ದು ಬಂತು. ಅದು ಪೂರ್ತಿ ಹೋಗುವವರೆಗೆ ನಾವು ಕಟ್ಟೆಯ ಮೇಲೆ ಹಾಗೆಯೇ ಕೂತಿದ್ದೆವು.